ಏಕಾಂಗಿ ಗಿರಿಧರ

ಗಿರಿಧರ ಅವನ ಹೆಸರಲ್ಲ, ನಮ್ಮ ಬೀದಿ ಇಟ್ಟ ಹೆಸರು. ದ್ವಾಪರದ ಗಿರಿಧಾರಿ ಬೆಟ್ಟವನ್ನು ಕಿರುಬೆರಳಲ್ಲಿ ಎತ್ತಿದ. ನಮ್ಮವನು ಬೆಟ್ಟಕ್ಕೆ ಹೊರಟರೆ ಬೆನ್ನ ಮೇಲಿನ ಚೀಲವೇ ಗೋವರ್ಧನದ ಒಂದು ಮಗ್ಗುಲಿನಷ್ಟಿರುತ್ತದೆ. ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಾನೆ. ಮೂವತ್ತರ ಆಸುಪಾಸು, ಕಂಪ್ಯೂಟರಿನ ಕೆಲಸ, ತಿಪಟೂರಿನ ಕಡೆಯ ತಾಯಿಗೆ ಒಬ್ಬನೇ ಮಗ. ಈ ಜಾತಿಯವನು ನಿಮ್ಮ ಬೀದಿಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಹಾಲು ತರಲು ಮೂಲೆ ಅಂಗಡಿಗೆ ಹೋಗುವಾಗಲೂ ಕಾಲಿನ ಗಿಣ್ಣು ಮುಚ್ಚುವ ಬೂಟು ಹಾಕಿರುವವನು ಅವನೇ. ಕೇಳಿದರೆ, "ಬೂಟು ಪಳಗಿಸ್ತಾ ಇದೀನಿ ಅಂಕಲ್" ಎನ್ನುತ್ತಾನೆ, ಹೋರಿ ಪಳಗಿಸುವವನ ಗತ್ತಿನಲ್ಲಿ.

ಬೆಟ್ಟವನ್ನು ಅವನು ಹತ್ತುವ ಮೊದಲು ಬೆಟ್ಟ ಅವನ ತಲೆಗೆ ಹತ್ತಿತು. ಅದಕ್ಕೆ ಕಾರಣ ಮುಳ್ಳಯ್ಯನಗಿರಿ. ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ, 1930 ಮೀಟರ್. ಆಫೀಸಿನವರ ಜೊತೆ ಹೋಗಿದ್ದ. ಅಲ್ಲಿ ಗಾಡಿ ಹೆಚ್ಚುಕಡಿಮೆ ಮೇಲಿನವರೆಗೂ ಹೋಗುತ್ತದೆ, ಉಳಿದದ್ದಕ್ಕೆ ಮೆಟ್ಟಿಲಿವೆ. ದೇವರಿಗೆ ಕೈಮುಗಿದು, ಫೋಟೋ ತೆಗೆಸಿಕೊಂಡು, ಚುರುಮುರಿ ತಿಂದು ಇಳಿದು ಬಂದ. ಬಂದವನ ಮುಖದಲ್ಲಿ ಸೂತಕ. "ಇಡೀ ರಾಜ್ಯದ ನೆತ್ತಿ ಮೇಲೆ ನಿಂತಿದ್ದೆ ಅಂಕಲ್. ಅಂಗಿ ಒದ್ದೆ ಆಗಿರಲಿಲ್ಲ."

ಹಾಗಾಗಿ ಕುಮಾರ ಪರ್ವತ. 1712 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ 218 ಮೀಟರ್ ಗಿಡ್ಡ. ಆದರೆ ಬೆಟ್ಟವನ್ನು ಸಮುದ್ರದಿಂದ ಅಳೆಯುವವರು ನಕ್ಷೆ ಬರೆಯುವವರು. ಮೊಣಕಾಲು ಅಳೆಯುವುದು ಬಸ್ಸು ಇಳಿಸಿದ ಜಾಗದಿಂದ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಶಿಖರಕ್ಕೆ ಹದಿಮೂರು ಕಿಲೋಮೀಟರಿನ ಆಸುಪಾಸು ದಾರಿ, ಸಾವಿರದೈನೂರು ಮೀಟರಿಗೂ ಮಿಕ್ಕ ಏರು. ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಆ ಎತ್ತರವನ್ನೆಲ್ಲ ರಾತ್ರಿ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತ ಘಾಟಿಯಲ್ಲಿ ಕಳೆದುಕೊಂಡು, ಬೆಳಗಾದ ಮೇಲೆ ಅದನ್ನೇ ಕಾಲಲ್ಲಿ ಮರಳಿ ಸಂಪಾದಿಸಬೇಕು. ಇದನ್ನು ನನ್ನ ಹೆಂಡತಿಗೆ ವಿವರಿಸಿದಾಗ, "ಅಷ್ಟಕ್ಕೆ ಇಲ್ಲೇ ಇರಬಹುದಿತ್ತಲ್ಲ" ಎಂದಳು.

ಒಬ್ಬನೇ ಹೋಗುತ್ತೇನೆ ಎಂದದ್ದು ಯಾಕೆ? ನಾನು ಕಂಡಂತೆ ಏಕಾಂಗಿ ಚಾರಣಿಗರಲ್ಲಿ ಹುಟ್ಟಾ ಏಕಾಂಗಿಗಳು ಕಡಿಮೆ. ಬಹುಪಾಲು ಮಂದಿ ಹನ್ನೊಂದು ಜನರ ವಾಟ್ಸ್ಯಾಪ್ ಗುಂಪಿನ ಅವಶೇಷಗಳು. ಸೋಮವಾರ ಹನ್ನೊಂದೂ ಮಂದಿ ಹೆಬ್ಬೆಟ್ಟು ಎತ್ತುತ್ತಾರೆ. ಬುಧವಾರ ಒಬ್ಬನಿಗೆ ಶೀತ, ಗುರುವಾರ ಮೂವರಿಗೆ ಆಫೀಸಿನಲ್ಲಿ ರಿಲೀಸು, ಶುಕ್ರವಾರ ಒಬ್ಬನಿಗೆ ಹೆಣ್ಣು ನೋಡುವ ಶಾಸ್ತ್ರ. ಕೊನೆಗೆ ಉಳಿದವನು ಅದಕ್ಕೆ 'ಆತ್ಮಶೋಧನೆ' ಎಂದು ಹೆಸರಿಟ್ಟು ಬಸ್ಸು ಹತ್ತುತ್ತಾನೆ.

ತಯಾರಿಯ ಹದಿನೈದು ದಿನ ನಮ್ಮ ಮನೆಗೂ ಬಿಡುವಿರಲಿಲ್ಲ. ಅಡುಗೆಮನೆಯ ತೂಕದ ಯಂತ್ರ ಅವನ ಕೋಣೆ ಸೇರಿತು. ತೂಕ ಉಳಿಸಲು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೇ ಗರಗಸದಲ್ಲಿ ಕುಯ್ದ. ಹಾಗೆ ಉಳಿದ ಆರೇಳು ಗ್ರಾಮಿನ ಜಾಗಕ್ಕೆ ಎರಡು ಟಾರ್ಚು, ಎರಡು ಪವರ್ ಬ್ಯಾಂಕು, ಹದಿನಾಲ್ಕು ಉಪಯೋಗಗಳ ಚಾಕು, ತಾಯಿ ಕಳಿಸಿದ ಮೂರು ಕಿಲೋ ಕೊಬ್ಬರಿ ಮಿಠಾಯಿ ಬಂದು ಕೂತವು. ಎತ್ತರದ ಕಾಯಿಲೆಗೆಂದು ಮಾತ್ರೆಯೂ ಇತ್ತು. ಆ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2500 ಮೀಟರ್ ದಾಟಿದ ಮೇಲೆ. ಮಾತ್ರೆ ದಂಡವಾಗಬಾರದು ಎಂದಿದ್ದರೆ ಕುಮಾರ ಪರ್ವತದ ತಲೆಯ ಮೇಲೆ ಇನ್ನೂ 800 ಮೀಟರ್ ಕಲ್ಲು ಪೇರಿಸಬೇಕಾಗುತ್ತಿತ್ತು. ಅಮೆರಿಕದ ಭಾವನ ಕೈಯಲ್ಲಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ತರಿಸುವ ಯೋಚನೆಯೂ ಇತ್ತು. ಅಂಥದ್ದನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಪೊಲೀಸರೇ ಹುಡುಕಿಕೊಂಡು ಬರುತ್ತಾರೆ. ಕಳೆದುಹೋದವನನ್ನು ಹುಡುಕಲೆಂದೇ ತರಿಸುವ ಯಂತ್ರ ತಾನೇ, ಕೆಲಸ ಆದಂತೆಯೇ ಅಂದೆ. ಅವನಿಗೆ ನಗು ಬರಲಿಲ್ಲ.

ಸೀಟಿಯ ಕಥೆ ಬೇರೆಯೇ ಇದೆ. ಬೆಟ್ಟದಲ್ಲಿ ಅಪಾಯಕ್ಕೆ ಸಿಕ್ಕವರು ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಬೇಕು, ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು ಊದಬೇಕು. ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಇದು ಲೋಕದ ಎಷ್ಟೋ ಬೆಟ್ಟಗಳಲ್ಲಿ ನಡೆಯುವ ನಿಯಮವಂತೆ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ತಾರಸಿಯ ಮೇಲೆ ನಿಂತು ಅಭ್ಯಾಸ ಶುರುಮಾಡಿದ. ಆರು ಊದಿದ. ನಿಲ್ಲಿಸಿದ. ನಿಯಮದ ಪ್ರಕಾರ ಕೆಳಗಿನಿಂದ ಮೂರು ಸೀಟಿ ಉತ್ತರ ಬಂತು. ನಮ್ಮ ಕುಕ್ಕರಿನಲ್ಲಿ ಬೇಳೆ ಬೆಂದಿತ್ತು.

ಆಮೇಲೆ ಲೆಕ್ಕಾಚಾರ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವನು ಬೆಟ್ಟದ ನಡಿಗೆಗೊಂದು ಸೂತ್ರ ಕೊಟ್ಟಿದ್ದಾನೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಗಿರಿಧರ ಇದನ್ನು ಎಕ್ಸೆಲ್ಲಿಗೆ ಹಾಕಿ 5 ಗಂಟೆ 20 ನಿಮಿಷ ಎಂದು ಉತ್ತರ ತೆಗೆದ. ಆ ಪುಣ್ಯಾತ್ಮ ನೇಸ್ಮಿತ್ ನಮ್ಮ ಇಂಬಳ ಕಂಡವನಲ್ಲ, ಹತ್ತು ಹೆಜ್ಜೆಗೊಮ್ಮೆ ಸೆಲ್ಫಿ ತೆಗೆದುಕೊಂಡವನೂ ಅಲ್ಲ.

ಹೊರಡುವ ದಿನ ಸಂಜೆ ಕೈಯಲ್ಲೊಂದು ಹಾಳೆ ಹಿಡಿದು ಬಂದ. ಹೋಗುವ ದಾರಿ, ಅಂಗಿಯ ಬಣ್ಣ, ಚೀಲದ ಬಣ್ಣ, ರಕ್ತದ ಗುಂಪು, ಅರಣ್ಯ ಇಲಾಖೆಯಲ್ಲಿ ಮುಂಗಡ ಪಡೆದ ಅನುಮತಿಯ ಸಂಖ್ಯೆ. ಕೆಳಗೆ ದಪ್ಪ ಅಕ್ಷರದಲ್ಲಿ: 'ಶನಿವಾರ ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ಅಲ್ಲಿಂದಲೇ ಹಿಂತಿರುಗುವೆ. ಸಂಜೆ 6ಕ್ಕೆ ಫೋನ್. 8ರವರೆಗೂ ಬರದಿದ್ದರೆ 112ಕ್ಕೆ ಕರೆ ಮಾಡಿ.' ಅದರಡಿ ನನ್ನ ಹೆಸರು, 'ಜವಾಬ್ದಾರಿ' ಎಂಬ ಪದದ ಪಕ್ಕದಲ್ಲಿ. ಸತ್ಯ ಹೇಳಬೇಕು, ಇದೊಂದು ಮಾತ್ರ ಬುದ್ಧಿವಂತನ ಕೆಲಸ. ಎಷ್ಟೋ ಮಂದಿ ಯಾರಿಗೂ ಹೇಳದೆ ಹೋಗುತ್ತಾರೆ. ಅಂಥವರನ್ನು ಯಾವ ಬೆಟ್ಟದಲ್ಲಿ ಹುಡುಕಬೇಕೆಂದು ಗೊತ್ತಾಗುವಷ್ಟರಲ್ಲೇ ಒಂದು ದಿನ ಕಳೆದಿರುತ್ತದೆ. ಅವನು ಕೂಡಿಹಾಕಿದ್ದರಲ್ಲೆಲ್ಲ ಹಗುರವಾದದ್ದು, ಕೆಲಸಕ್ಕೆ ಬರುವಂಥದ್ದು ಆ ಹಾಳೆ. ಅದಕ್ಕೇ ಇರಬೇಕು, ಅದನ್ನು ನನಗೆ ಹೊರಿಸಿದ.

"ಅಮ್ಮಂಗೆ ಮಾತ್ರ ಹೇಳ್ಬೇಡಿ ಅಂಕಲ್. ಆಫೀಸಿನವರ ಜೊತೆ ಹೋಗ್ತಿದೀನಿ ಅಂದಿದೀನಿ."

ಬಸ್ಸು ನೆಲಮಂಗಲ ದಾಟುವ ಮೊದಲೇ ಆ ತಾಯಿಯ ಫೋನು. "ಅಣ್ಣಾ, ಜೊತೇಲಿ ಎಷ್ಟು ಜನ ಹೋಗಿದಾರಂತೆ?"

"ತುಂಬ ಜನ ಇದಾರಮ್ಮ" ಎಂದೆ. ಅರವತ್ತೆರಡನೆಯ ವಯಸ್ಸಿನಲ್ಲಿ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಗೊತ್ತಿರಲಿಲ್ಲ.

ಅದು ಸುಳ್ಳಾಗಲಿಲ್ಲ. ಮಳೆಗಾಲ ಮುಗಿದು ದಾರಿ ತೆರೆದ ಮೊದಮೊದಲ ಶನಿವಾರ ಅದು. ಬೆಳಿಗ್ಗೆ ಆರೂವರೆಗೆ ಕಾಡಿನ ಬಾಯಲ್ಲಿ ನಿಂತಾಗ ಅವನಂಥ ಇಪ್ಪತ್ತು ಮೂವತ್ತು ಏಕಾಂಗಿಗಳು ಒಬ್ಬರ ಹಿಂದೊಬ್ಬರು ಸಾಲುಗಟ್ಟಿದ್ದರಂತೆ. ಜೊತೆಗೆ ಮಂಗಳೂರಿನ ಕಾಲೇಜು ಹುಡುಗ ಹುಡುಗಿಯರ ಒಂದು ದೊಡ್ಡ ತಂಡ.

ಮೊದಲರ್ಧ ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ಗಾಳಿಯಿಲ್ಲ, ಅಂಗಿ ಹಿಂಡಿದರೆ ಬೆವರು. ಒಂದು ಕಡೆ ಅನುಮಾನ ಬಂದು ಫೋನಿನ ನಕ್ಷೆ ತೆರೆದ. ಸಿಗ್ನಲ್ ಇಲ್ಲದಿದ್ದರೂ ಫೋನು ಜಾಗ ತೋರಿಸುತ್ತದೆ, ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ. ಇಳಿಸಿಕೊಂಡಿದ್ದ. ಪರದೆಯಲ್ಲಿ ಬನಶಂಕರಿ ಎರಡನೇ ಹಂತ ಗಲ್ಲಿಗಲ್ಲಿಯೂ ಬಿಡದಂತೆ ಮೂಡಿತು.

ಇಂಬಳಗಳು ಅಷ್ಟರಲ್ಲಿ ಬೂಟಿನ ದಾರದ ಕಣ್ಣಿನಿಂದ ಒಳಗಿಳಿದಿದ್ದವು. ಇಂಬಳ ಬಿಟ್ಟಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಇದು ಗೊತ್ತಿಲ್ಲದ ಗಿರಿಧರ ಕಾಲಿಗೆ ಬ್ಯಾಂಡೇಜಿನ ಇಡೀ ಸುರುಳಿ ಸುತ್ತಿಕೊಂಡು ಕೂತ. ಹಿಂದಿನಿಂದ ರಬ್ಬರ್ ಚಪ್ಪಲಿಯಲ್ಲಿ ಬಂದ ಊರಿನವರೊಬ್ಬರು ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ತಮ್ಮ ಕಾಲಿಗೆ ಮುಟ್ಟಿಸಿಕೊಂಡು, ನಿಲ್ಲದೆ ಮುಂದೆ ಹೋದರು.

ಗಿರಿಗದ್ದೆಯ ಹತ್ತಿರ ಅರಣ್ಯ ಇಲಾಖೆಯ ತಪಾಸಣೆ.

"ಒಬ್ಬರೇ ಬಂದದ್ದಾ?"

"ಹೌದು ಸಾರ್. ಸೋಲೋ."

"ಸೋಲುವುದು ಗೆಲ್ಲುವುದು ಆಮೇಲೆ. ಪ್ಲಾಸ್ಟಿಕ್ ಎಷ್ಟುಂಟು, ತೋರಿಸಿ."

ಚೀಲ ಬಿಚ್ಚಿದ. ಒಂದೊಂದೇ ಹೊರಬಂದಂತೆ ಹಿಂದಿನ ಸಾಲು ಬೆಳೆಯಿತು. ಪೊಟ್ಟಣ, ಬಾಟಲಿ ಎಲ್ಲ ಎಣಿಸಿ ಬರೆದುಕೊಂಡ ಕಾವಲುಗಾರರು ಕೊನೆಗೆ ಕೇಳಿದರಂತೆ, "ಇದೆಲ್ಲ ಎಂತಕ್ಕೆ ಮಾರಾಯ್ರೆ? ಮೇಲೆ ಮನೆ ಮಾಡ್ಲಿಕ್ಕಾ?"

ಪಕ್ಕದಲ್ಲೇ ಭಟ್ಟರ ಮನೆ. ಎಷ್ಟೋ ವರ್ಷಗಳಿಂದ ಬೆಟ್ಟ ಹತ್ತುವವರಿಗೆಲ್ಲ ಅನ್ನ ಹಾಕಿದ ಮನೆ ಅದು. ಎಕ್ಸೆಲ್ ಹಾಳೆಯಲ್ಲಿ ಇಲ್ಲಿಗೆ ಕೊಟ್ಟಿದ್ದ ಸಮಯ ಸೊನ್ನೆ ನಿಮಿಷ. ಅನ್ನ, ಸಾಂಬಾರು, ಮಜ್ಜಿಗೆ ಮುಗಿಸಿ ಏಳುವಾಗ ಮುಕ್ಕಾಲು ಗಂಟೆ. ಮೂರನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ಅವನೇ ಒಪ್ಪಿಕೊಂಡಿದ್ದಾನೆ. ಬೆನ್ನ ಮೇಲಿದ್ದ ಎರಡು ದಿನದ ಒಣ ಆಹಾರಕ್ಕೆ ಕೈ ಹಚ್ಚಲಿಲ್ಲ. ಅದು ಬೆಟ್ಟ ನೋಡಿಕೊಂಡು ಹಾಗೇ ಬೆಂಗಳೂರಿಗೆ ವಾಪಸು ಬಂತು.

ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು, ನೆತ್ತಿ ಸುಡುವ ಬಿಸಿಲು. ಕಲ್ಲು ಮಂಟಪ ದಾಟಿ, ಏದುಸಿರು ಬಿಡುತ್ತ ಒಂದು ನೆತ್ತಿಗೆ ಬಂದು, ಎರಡೂ ಕೈ ಮೇಲೆತ್ತಿ ಫೋಟೋಗೆ ನಿಂತ. ಫೋಟೋ ತೆಗೆಯುತ್ತಿದ್ದ ಕಾಲೇಜು ಹುಡುಗಿ ಮೆಲ್ಲನೆ ಹೇಳಿದಳು:

"ಅಂಕಲ್, ಇದು ಶೇಷ ಪರ್ವತ. ಕುಮಾರ ಪರ್ವತ ಅದು, ಆಚೆ ಇರೋದು."

ಇಷ್ಟು ಹೊತ್ತು ಎಲ್ಲ ಇಂಬಳಗಳೂ ಸೇರಿ ಹೀರಿದ್ದಕ್ಕಿಂತ ಹೆಚ್ಚು ರಕ್ತವನ್ನು ಆ 'ಅಂಕಲ್' ಒಂದೇ ಹೀರಿತು. ಆಚೆಯ ಶಿಖರಕ್ಕೆ ಮೊದಲು ಕಾಡಿಗೆ ಇಳಿಯಬೇಕು, ಮತ್ತೆ ಬಂಡೆ ಹತ್ತಬೇಕು. ಗಡಿಯಾರದಲ್ಲಿ ಸರಿಯಾಗಿ ಒಂದು ಗಂಟೆ. ಹಾಳೆಯಲ್ಲಿ ಬರೆದದ್ದು ನೆನಪಿತ್ತು. "ಸಂವಿಧಾನಕ್ಕೇ ತಿದ್ದುಪಡಿ ಆಗುತ್ತೆ ಅಂಕಲ್" ಎಂದು ಆಮೇಲೆ ನನ್ನೆದುರು ಸಮರ್ಥಿಸಿಕೊಂಡ. ಬೆಟ್ಟಗಳಲ್ಲಿ ಅಪಾಯ ಹುಟ್ಟುವುದು ಹೆಚ್ಚಾಗಿ ಇಂಥ ತಿದ್ದುಪಡಿಗಳಲ್ಲೇ. ಶಿಖರ ಕಣ್ಣಿಗೆ ಕಾಣುತ್ತಿರುವಾಗ ಗಡಿಯಾರ ಯಾರಿಗೂ ಕಾಣುವುದಿಲ್ಲ.

ಒಂದೂ ಐವತ್ತಕ್ಕೆ ತುದಿ ಮುಟ್ಟಿದ. ಅದೇ ಹೊತ್ತಿಗೆ ಮೋಡವೂ ಮುಟ್ಟಿತು. ಕೊಡಗೂ ಕಾಣಲಿಲ್ಲ, ದಕ್ಷಿಣ ಕನ್ನಡವೂ ಕಾಣಲಿಲ್ಲ, ಕಂಡದ್ದು ಅವನ ಬೂಟು. ಫೋಟೋ ನೋಡಿದ್ದೇನೆ. ಹಿಂದೆ ಬರೀ ಬಿಳಿ, ಮುಂದೆ ಗಂಭೀರ ಮುಖ. ಪಾಸ್‌ಪೋರ್ಟಿಗೆ ಹಾಗೇ ಕೊಡಬಹುದು.

ಇಳಿಯುವಾಗ ಶ್ವಾಸಕ್ಕೆ ಕಷ್ಟವಿಲ್ಲ, ಆದರೆ ಮೊಣಕಾಲು ಪ್ರತಿ ಹೆಜ್ಜೆಗೂ ಸುಂಕ ಕಟ್ಟಬೇಕು. ಹೆಬ್ಬೆರಳ ಉಗುರು ಬೂಟಿನ ಮೂತಿಗೆ ಗುದ್ದಿ ನೀಲಿಯಾಯಿತು. ಗಿರಿಗದ್ದೆಯಲ್ಲಿ ಪ್ಲಾಸ್ಟಿಕ್ಕಿನ ಲೆಕ್ಕ ಒಪ್ಪಿಸಿ ಕೆಳಗಿನ ಕಾಡು ಹೊಕ್ಕಾಗ ಕತ್ತಲು. ಹೊರಗೆ ಇನ್ನೂ ಬೆಳಕಿದ್ದರೂ ಮರದಡಿಯಲ್ಲಿ ಅರ್ಧ ಗಂಟೆ ಮೊದಲೇ ರಾತ್ರಿಯಾಗುತ್ತದೆ. ಒಂದು ಟಾರ್ಚು ಚೀಲದೊಳಗೆ ತಾನಾಗಿ ಹೊತ್ತಿಕೊಂಡು ಇಡೀ ದಿನ ಕೊಬ್ಬರಿ ಮಿಠಾಯಿಗೆ ಬೆಳಕು ಕೊಟ್ಟು ಸತ್ತಿತ್ತು. ಇನ್ನೊಂದು ತಳದಲ್ಲೆಲ್ಲೋ ಇತ್ತು, ಸಿಗಲಿಲ್ಲ. ಆಗ ಸೀಟಿ ನೆನಪಾಯಿತು. ಆರು ಊದಿದ. ಕಾದ.

ಹಿಂದಿನಿಂದ ಉತ್ತರ ಬಂತು. ಮೂರಲ್ಲ, ಮೂವತ್ತು, ಸಿನಿಮಾ ಟಾಕೀಸಿನಲ್ಲಿ ನಾಯಕ ಪರದೆಗೆ ಬಂದಾಗ ಹೊಡೆಯುವಂಥವು. ಕಾಲೇಜು ತಂಡ. ಮುಂದೆ ಇಬ್ಬರು ಟಾರ್ಚು, ಹಿಂದೆ ಇಬ್ಬರು ಹಾಡು, ನಡುವೆ ಗಿರಿಧರ. ಗೋವರ್ಧನವನ್ನು ಹೊತ್ತವಳು ಆ 'ಅಂಕಲ್' ಅಂದ ಹುಡುಗಿಯೇ.

ಇತ್ತ ನಾನು ಆರು ಗಂಟೆಯಿಂದ ಹಾಳೆ ಹಿಡಿದು ಕೂತಿದ್ದೆ. ಏಳಾಯಿತು. ಏಳೂವರೆಯಾಯಿತು. ತಿಪಟೂರಿನ ಫೋನು ಎರಡು ಸಲ ಬಂತು. 'ಬೆಟ್ಟದಲ್ಲಿ ಸಿಗ್ನಲ್ ಇರಲ್ಲಮ್ಮ' ಎಂಬುದನ್ನು ಎರಡು ಬೇರೆ ಬೇರೆ ರಾಗದಲ್ಲಿ ಹೇಳಿದೆ. ಆನೆ ಓಡಾಡುವ ಕಾಡು ಎಂದು ಎಲ್ಲೋ ಓದಿದ್ದು ಆಗಲೇ ನೆನಪಾಗಬೇಕೆ? ಎಂಟಕ್ಕೆ ಐದು ನಿಮಿಷವಿತ್ತು. 112 ಒತ್ತಲು ಕನ್ನಡಕ ಹುಡುಕುತ್ತಿದ್ದೆ. ಹೆಂಡತಿ ತನ್ನ ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಗಿರಿಧರನ ಸ್ಟೇಟಸ್. ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಫೋಟೋ, ಕೆಳಗೆ ಒಂದು ಸಾಲು: 'ನಾನು ಮತ್ತು ಪರ್ವತ, ನಡುವೆ ಯಾರೂ ಇಲ್ಲ.' ಹಾಕಿದ್ದು 7 ಗಂಟೆ 42 ನಿಮಿಷಕ್ಕೆ. ಅಷ್ಟರಲ್ಲೇ ಅರವತ್ತು ಜನ ನೋಡಿದ್ದರಂತೆ. ನನಗೆ ಫೋನು ಬಂದದ್ದು 8 ಗಂಟೆ 20ಕ್ಕೆ.

ಭಾನುವಾರ ಬೆಳಿಗ್ಗೆ ಯಾವಾಗಲೋ ಬಂದು ಮೇಲೆ ಮಲಗಿದ್ದ. ಹನ್ನೆರಡರ ಹೊತ್ತಿಗೆ ಫೋನು. "ಅಂಕಲ್, ಮೆಟ್ಟಿಲು ಇಳಿಯೋಕಾಗ್ತಿಲ್ಲ. ಆಂಟಿ ಹತ್ರ ಸ್ವಲ್ಪ ಮೊಸರನ್ನ ಇದ್ರೆ..."

ಹದಿನೆಂಟು ಮೆಟ್ಟಿಲು. ಹೆಂಡತಿಗೆ ಹೇಳಿ, ಡಬ್ಬಿ ಹಿಡಿದು, ಒಬ್ಬನೇ ಹತ್ತಿದೆ. ಬಾಗಿಲು ತೆರೆದೇ ಇತ್ತು. ಎರಡೂ ಕಾಲನ್ನು ದಿಂಬಿನ ಮೇಲೆ ಏರಿಸಿಕೊಂಡು ಮಲಗಿ ಯಾರಿಗೋ ಫೋನಿನಲ್ಲಿ ಉಪದೇಶ ನಡೆಸಿದ್ದ. "ಒಬ್ನೇ ಹೋಗ್ಬೇಕು ಮಗಾ. ಬೆಟ್ಟದಲ್ಲಿ ನಮಗೆ ನಾವೇ. ಯಾರನ್ನೂ ನಂಬ್ಕೊಂಡು ಹೋಗ್ಬಾರ್ದು." ಮಾತು ನಿಲ್ಲಿಸದೆ ಕೈ ಚಾಚಿ ಡಬ್ಬಿ ಇಸಿದುಕೊಂಡ, ಮುಚ್ಚಳ ತೆರೆದು ನೋಡಿದ, ಹುಬ್ಬು ಗಂಟಿಕ್ಕಿ ಉಪ್ಪಿನಕಾಯಿ ಎಲ್ಲಿ ಎಂದು ನನ್ನನ್ನು ಸನ್ನೆಯಲ್ಲೇ ಕೇಳಿದ.