ಸಿಗುವಂತೆ ಬಚ್ಚಿಡುವ ಕಷ್ಟ

ಕನ್ನಡದ ಸಂಸಾರಕ್ಕೆ ಬಚ್ಚಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸಾಸಿವೆ ಡಬ್ಬಿಯಲ್ಲಿ ನೋಟು, ಅಕ್ಕಿ ಡ್ರಮ್ಮಿನ ತಳದಲ್ಲಿ ಬಂಗಾರದ ಬಳೆ, ಗೌರಿಹಬ್ಬಕ್ಕೆ ಮುಂಚೆ ಖಾಲಿಯಾಗದಿರಲೆಂದು ಅಟ್ಟ ಹತ್ತಿ ಕೂತ ಚಕ್ಕುಲಿ. ವೀಸಾ ಸಿಕ್ಕಿ ಅಮೆರಿಕಕ್ಕೆ ಹೋದ ಮೇಲೂ ಈ ವಿದ್ಯೆ ಕೈಬಿಟ್ಟಿಲ್ಲ. ಅಲ್ಲಿನ ಮನೆಯಲ್ಲಿ ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ ತೆರೆದವರಿಗೆ ಸೂಜಿದಾರ ಸಿಗುತ್ತದೆ, ಮೊಸರಿನ ಡಬ್ಬಿ ತೆರೆದವರಿಗೆ ಮೊನ್ನೆಯ ಗೊಜ್ಜು. ಹಾಗಾಗಿ ಡಬ್ಬಿಯೊಂದನ್ನು ಎಲ್ಲೋ ಅಡಗಿಸಿ, ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿ, ಜಿಪಿಎಸ್ ಹಿಡಿದು ಬಂದವರಿಂದ ಹುಡುಕಿಸುವ ಜಿಯೊಕ್ಯಾಶಿಂಗ್ ಎಂಬ ಆಟ ನಮ್ಮವರಿಗೆ ಹೇಳಿ ಮಾಡಿಸಿದ್ದು ಎಂದು ಯಾರಿಗಾದರೂ ಅನ್ನಿಸಬೇಕು. ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ನಾವು ಬಚ್ಚಿಡುವುದು ಯಾರಿಗೂ ಸಿಗಬಾರದೆಂದು, ಎಷ್ಟೋ ಸಲ ಇಟ್ಟವರಿಗೂ ಸೇರಿದಂತೆ. ಜಿಯೊಕ್ಯಾಶ್ ಬಚ್ಚಿಡುವುದು ಗುರುತಿಲ್ಲದವರ ಕೈಗೆ ಸಿಗಲೆಂದು. ಈ ಎರಡರ ನಡುವೆ ಬೆಂಗಳೂರಿಗೂ ಪೋರ್ಟ್‌ಲ್ಯಾಂಡಿಗೂ ಇರುವಷ್ಟು ದೂರವಿದೆ.

ಪೋರ್ಟ್‌ಲ್ಯಾಂಡಿನ ಹೆಸರು ಸುಮ್ಮನೆ ಬರಲಿಲ್ಲ. ಆಟ ಹುಟ್ಟಿದ್ದೇ ಆ ಊರಿನ ಹೊರವಲಯದಲ್ಲಿ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಮೇ 2ರಂದು ಅದನ್ನು ನಿಲ್ಲಿಸಿತು. ಮಾರನೆಯ ದಿನವೇ ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟನ್ನು ನೆಲದಲ್ಲಿ ಅರೆಬರೆ ಹೂತು, ಜಾಗದ ಅಂಕಿಗಳನ್ನು ಜಗತ್ತಿಗೆ ಸಾರಿದ. ಬಕೆಟ್ಟಿನಲ್ಲಿ ಪುಸ್ತಕ, ವಿಡಿಯೊ, ಒಂದಿಷ್ಟು ದುಡ್ಡು, ಒಂದು ಕವಣೆ, ಜೊತೆಗೆ ಒಂದು ಡಬ್ಬಿ ಬೇಯಿಸಿದ ಕಾಳು. ಆಟದ ಮೂಲಪುರುಷನ ಆ ಬಕೆಟ್ ಇವತ್ತಾಗಿದ್ದರೆ ಪಾಸಾಗುತ್ತಿರಲಿಲ್ಲ. ಜಾಗದವರ ಒಪ್ಪಿಗೆಯಿಲ್ಲದೆ ನೆಲ ಅಗೆಯುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ.

ಎರಡನೆಯ ನಿಯಮದಲ್ಲೇ ನಮ್ಮವರು ಮೊದಲು ಮುಗ್ಗರಿಸುವುದು. ಯಾರೋ ಪಾಪ ಅಷ್ಟು ದೂರ ನಡೆದು ಬರುತ್ತಾರೆ, ಒಂದು ಕೋಡುಬಳೆಯನ್ನೂ ಇಡದಿದ್ದರೆ ಹೇಗೆ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಕೋಡುಬಳೆಗೆ ಮೊದಲು ಬರುವ ಅತಿಥಿ ಜಿಪಿಎಸ್ ಇಲ್ಲದ ರಕೂನ್. ಸರಿ, ತಿಂಡಿ ಬೇಡ, ಖಾಲಿ ಡಬ್ಬಿಯಾದರೂ ಮನೆಯದೇ ಇರಲಿ ಎಂದರೆ ಅದಕ್ಕೂ ಅಡ್ಡಿಯಿದೆ. ನಮ್ಮ ಅಡುಗೆಮನೆಯಲ್ಲಿ ಖಾಲಿಯಾದ ಡಬ್ಬಿ ಉಂಟು, ವಾಸನೆ ಹೋದ ಡಬ್ಬಿ ಇಲ್ಲ. ಇಂಗಿನ ಡಬ್ಬಿಯನ್ನು ಎಷ್ಟು ಸಲ ತೊಳೆದರೂ ಅದು ಇಂಗಿನ ಡಬ್ಬಿಯೇ. ಹೋಟೆಲಿನಿಂದ ಸಾಂಬಾರ್ ಕಟ್ಟಿಸಿಕೊಂಡು ಬಂದ ತೆಳು ಪ್ಲಾಸ್ಟಿಕ್ ಡಬ್ಬಿಗಳು ಪ್ರತಿ ಮನೆಯಲ್ಲೂ ಗೋಪುರ ಕಟ್ಟುವಷ್ಟು ಇರುತ್ತವೆ ನಿಜ, ಆದರೆ ಒರೆಗಾನ್‌ನ ಚಳಿಗಾಲದ ಮಳೆಗೆ ಅವು ಒಂದು ತಿಂಗಳು ತಾಳಲಾರವು. ಹುಡುಕಿದವರು ಹೆಸರು ಬರೆಯಲೆಂದು ಒಳಗಿಟ್ಟ ಸಹಿ ಪುಸ್ತಕ ಅಂಬಲಿಯಾಗುತ್ತದೆ. ಅನುಭವಸ್ಥರು ಹಳೆಯ ಮಿಲಿಟರಿ ಗುಂಡಿನ ಪೆಟ್ಟಿಗೆಯನ್ನೋ, ರಬ್ಬರ್ ಪಟ್ಟಿಯಿರುವ ನಾಲ್ಕು ಚಿಲಕದ ಡಬ್ಬಿಯನ್ನೋ ಹೊಸದಾಗಿ ಕೊಳ್ಳುತ್ತಾರೆ. ಮನೆಯಲ್ಲಿ ನಲವತ್ತು ಡಬ್ಬಿ ಇಟ್ಟುಕೊಂಡು ಹೊರಗಿಡಲು ಮತ್ತೊಂದು ಡಬ್ಬಿಗೆ ಡಾಲರ್ ಸುರಿಯುವುದೆಂದರೆ ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವ ಮಾತಲ್ಲ.

ಜಾಗದ್ದು ಇನ್ನೊಂದು ಪೇಚು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗ, ಅಂತರವಿರಬೇಕು. ಇದನ್ನೆಲ್ಲ ನೋಡಿ ಒಪ್ಪಿಗೆ ಕೊಡುವವರು ಸಂಬಳವಿಲ್ಲದ ಸ್ವಯಂಸೇವಕ ರಿವ್ಯೂವರ್‌ಗಳು. ಒಗಟಿನ ಕ್ಯಾಶ್‌ಗಳ ನಿಜವಾದ ಜಾಗ ಒಗಟು ಬಿಡಿಸುವವರೆಗೆ ನಕ್ಷೆಯಲ್ಲಿ ಕಾಣುವುದಿಲ್ಲವಾದ್ದರಿಂದ, ನಮಗೆ ಬಟಾಬಯಲಾಗಿ ಕಂಡ ಕಡೆ ‘ಇಲ್ಲಿ ಈಗಾಗಲೇ ಒಂದಿದೆ’ ಎಂದು ಅವರು ವಾಪಸ್ ಕಳಿಸಬಹುದು. ಆಗ ಕನ್ನಡಿಗನ ಬಾಯಲ್ಲಿ ಮೊದಲು ಬರುವುದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’, ಎರಡನೆಯದು ‘ನಮ್ಮ ಕಡೆಯವರು ಯಾರಾದರೂ ಅಲ್ಲಿ ಇದ್ದಾರಾ?’ ಎರಡೂ ನಡೆಯುವುದಿಲ್ಲ. ಸೈಟಿನ ಸೆಟ್‌ಬ್ಯಾಕಿನಿಂದ ಮದುವೆ ಛತ್ರದ ತಾರೀಖಿನವರೆಗೆ ಮಾತಾಡಿ ಸರಿಮಾಡಿಕೊಂಡು ಬಂದ ಜನಕ್ಕೆ, ಒಂದು ಡಬ್ಬಿಗೋಸ್ಕರ ಮಾತು ಸೋಲುವುದು ಕಹಿ ಅನುಭವ. ಆದರೂ ಇದು ಒಳ್ಳೆಯದೇ ಎನ್ನುತ್ತೇನೆ. ಒಪ್ಪಿಗೆಯಿಲ್ಲದೆ ಯಾರದೋ ಪೊದೆಯಲ್ಲಿ ಪೊಟ್ಟಣ ತುರುಕಿ ನಾಲ್ಕೂ ಕಡೆ ನೋಡಿ ನಡೆಯುವ ಕಂದುಬಣ್ಣದ ಸಂಸಾರವನ್ನು ಕಿಟಕಿಯ ಹಿಂದಿನ ನೆರೆಯವರು ಆಟಗಾರರೆಂದೇ ತಿಳಿಯುತ್ತಾರೆ ಎನ್ನಲು ಧೈರ್ಯ ಸಾಲದು. ಪಾರ್ಕಿನವರನ್ನು ಮೊದಲೇ ಕೇಳಿಟ್ಟುಕೊಂಡರೆ ಪೊಲೀಸರಿಗೆ ಉತ್ತರ ಕೊಡುವ ಕೆಲಸ ತಪ್ಪುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಬರುವುದು ಪ್ರಕಟಣೆ. ನಿಜವಾದ ಸಂಕಟ ಅದು. ‘ಸೀದಾ ಹೋಗಿ, ಅಲ್ಲಿ ಯಾರನ್ನಾದರೂ ಕೇಳಿ’ ಎಂದು ದಾರಿ ಹೇಳುವ ನಾಡಿನವರು ಡಿಗ್ರಿ ಬರೆದು, ಮಿನಿಟು ಬರೆದು, ಅದರ ಮುಂದೆ ಮೂರು ದಶಮಾಂಶ ಬರೆಯಬೇಕು. ಕೊನೆಯ ಅಂಕಿ ಒಂದು ಹೆಚ್ಚಾದರೆ ಉತ್ತರ ದಕ್ಷಿಣಕ್ಕೆ ಸುಮಾರು 1.85 ಮೀಟರ್ ವ್ಯತ್ಯಾಸ. ಎತ್ತರದ ಫರ್ ಮರಗಳ ಕೆಳಗೆ ಫೋನು ಅದಕ್ಕಿಂತ ಹೆಚ್ಚೇ ತಪ್ಪುವುದರಿಂದ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅಳತೆ ತೆಗೆದು ಸರಾಸರಿ ಹಿಡಿಯಬೇಕು. ಅದಾದ ಮೇಲೆ ವಿವರಣೆ ಬರೆಯುವುದು. ಹೋಳಿಗೆ ಊಟ ಹಾಕಿಸಿ ‘ಏನೂ ಮಾಡೋಕಾಗ್ಲಿಲ್ಲ’ ಎನ್ನುವ ನಾವು, ಕಡಿದಾದ ಕೆಸರು ದಾರಿಯ ಕ್ಯಾಶಿಗೂ ಸಂಕೋಚದಿಂದ ನೆಲದ ಕಷ್ಟಕ್ಕೆ ಒಂದೂವರೆ ಅಂಕ ಕೊಟ್ಟುಬಿಡುತ್ತೇವೆ. ಐದರವರೆಗಿನ ಆ ಅಳತೆಯಲ್ಲಿ ನೆಲದ ಅಂಕ ಒಂದೆಂದರೆ ಗಾಲಿಕುರ್ಚಿಯಲ್ಲೂ ಬರಬಹುದು ಎಂದರ್ಥ. ಇಲ್ಲಿ ನಮ್ಮ ವಿನಯ ಯಾರದಾದರೂ ಮಂಡಿ ಮುರಿದೀತು. ಪ್ರಕಟವಾದದ್ದೇ ತಡ, ಮೊದಲಿಗರಾಗಬೇಕೆಂಬ ಹುಚ್ಚಿನವರು ತಲೆಗೆ ಟಾರ್ಚ್ ಕಟ್ಟಿಕೊಂಡು ಅಪರಾತ್ರಿಯಲ್ಲೇ ಹೊರಡುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ನಮ್ಮ ಊರಿಗೆ ಬಂದು, ನಮ್ಮ ಡಬ್ಬಿ ತೆರೆದು, ಕಾಫಿ ಕುಡಿಯದೆ ಹೋಗುವ ಇಂಥ ಅತಿಥಿಗಳನ್ನು ಅರಗಿಸಿಕೊಳ್ಳಲು ಸಮಯ ಬೇಕು.

ಒಂದು ಆಕ್ಷೇಪಣೆಯನ್ನು ಒಪ್ಪಲೇಬೇಕು. ಗುರುತಿಲ್ಲದವರಿಗಾಗಿ ವಸ್ತು ಬಿಟ್ಟು ಬರುವುದು ನಮಗೆ ಹೊಸದೇನಲ್ಲ, ರವಿಕೆ ಕಣ ಇಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ತಲೆಬಾಗುತ್ತೇನೆ. ಕ್ಯಾಶಿನಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಅಥವಾ ಹೆಚ್ಚಿನದು ಇಡಬೇಕು ಎನ್ನುವ ನಿಯಮವನ್ನು ವರಮಹಾಲಕ್ಷ್ಮಿ ಹಬ್ಬದಲ್ಲಿ ಅರಿಸಿನ ಕುಂಕುಮದ ಜೊತೆ ಊರೂರು ತಿರುಗುವ ಕಣ ಎಂದೋ ಪಾಲಿಸಿದೆ, ‘ಅಷ್ಟೇ ಬೆಲೆ’ಯ ಭಾಗವನ್ನಂತೂ ಮಡಿಕೆ ಬಿಚ್ಚದಷ್ಟು ನಿಷ್ಠೆಯಿಂದ. ಆದರೆ ಕ್ಯಾಶ್‌ನಿಂದ ಕ್ಯಾಶ್‌ಗೆ ಸಾಗಿಸುವ ಟ್ರ್ಯಾಕಬಲ್‌ಗೆ ಒಂದು ಸಂಖ್ಯೆ ಕೊಟ್ಟು, ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ತೋರಿಸುತ್ತಾರೆ. ರವಿಕೆ ಕಣಕ್ಕೆ ಅಂಥ ಸಂಖ್ಯೆ ಬಿದ್ದರೆ ಪೋರ್ಟ್‌ಲ್ಯಾಂಡಿನ ಪಕ್ಕದ ಬೀವರ್ಟನ್‌ನಲ್ಲಿ ಅರ್ಧ ಸ್ನೇಹಗಳು ಉಳಿಯುವುದಿಲ್ಲ. ನಮ್ಮ ವ್ಯವಸ್ಥೆ ನಿಂತಿರುವುದೇ ಪ್ರಕಟಿಸದೆ ಇರುವುದರ ಮೇಲೆ ಎನ್ನುವ ನನ್ನ ವಾದಕ್ಕೆ ಇದು ಬಲವೇ ಆಯಿತು.

ಇದರಿಂದ ಮಕ್ಕಳಿಗೇನು ಲಾಭ, ಗಣಿತದ ಟ್ಯೂಷನ್ನಿಗೆ ಹೋಗುವ ಹೊತ್ತಲ್ಲವೇ ಎನ್ನುವವರಿಗೆ ಉತ್ತರ ಒಗಟಿನ ಕ್ಯಾಶ್. ಅಂಕಿಗಳನ್ನು ಕನ್ನಡದಲ್ಲಿ ಬರೆದರಾಯಿತು, ಒಗಟು ಸಿದ್ಧ. ಡಬ್ಬಿ ನಕ್ಷೆಯ ಚುಕ್ಕೆಯಿಂದ ಸುಮಾರು 3.2 ಕಿಲೋಮೀಟರ್ ಒಳಗೆ ಇದ್ದರೆ ಸಾಕು. ಶನಿವಾರದ ಕನ್ನಡ ತರಗತಿಗೆ ಮುಖ ಗಂಟಿಕ್ಕುವ ಮಗು ನಿಧಿ ಸಿಗುವುದಾದರೆ ೬ ಮತ್ತು ೯ರ ವ್ಯತ್ಯಾಸವನ್ನು ತಾನಾಗಿ ಕಲಿಯುತ್ತದೆ. ಅಪಾಯವಿರುವುದು ಅಪ್ಪನಿಗೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಹಣೆಯ ಮೇಲಿನ ಕನ್ನಡ ಅಂಕಿಯನ್ನು ಬಿಟ್ಟು ಪಕ್ಕದ ಇಂಗ್ಲಿಷ್ ಅಂಕಿ ಓದಿಯೇ ಹತ್ತುತ್ತಿದ್ದನೆಂಬ ಸತ್ಯ ಒರೆಗಾನ್ ಕಾಡಿನಲ್ಲಿ ಹೆಂಡತಿ ಮಕ್ಕಳೆದುರು ಬಯಲಾಗುತ್ತದೆ.

ಈ ಆಟಕ್ಕೆ ನಿಜವಾಗಿ ಲಾಯಕ್ಕಾದವರೆಂದರೆ ಆರು ತಿಂಗಳಿಗೆ ಬಂದ ಅಜ್ಜ ಅಜ್ಜಿ. ಅವರಿಗೆ ಹೊತ್ತಿದೆ, ಸಂಜೆ ವಾಕಿಂಗ್ ಇದೆ, ಕಂಡವರ ಅಂಗಳದ ದಾಸವಾಳದ ಮೇಲೆ ಕಣ್ಣಿಡುವ ಕುತೂಹಲವಿದೆ. ಮೊದಲ ಡಬ್ಬಿ ಇಡುವ ಮುನ್ನ 20 ಆದರೂ ಹುಡುಕಿರಿ ಎನ್ನುವ ಸಲಹೆಯನ್ನು ಅವರು ಬಂದ ತಿಂಗಳಲ್ಲೇ ಮುಗಿಸಬಲ್ಲರು. ತೊಡಕು ಒಂದೇ: ಇಟ್ಟು ಹೋಗುವವರ ಕ್ಯಾಶನ್ನು ಒಪ್ಪುವುದಿಲ್ಲ, ಒದ್ದೆಯಾದರೆ ಬದಲಾಯಿಸಲು ಸ್ಥಳದಲ್ಲೇ ಯಾರಾದರೂ ಇರಬೇಕು. ಆ ಜಾಗಕ್ಕೆ ಸೊಸೆಯ ಹೆಸರು ಬರೆಯುತ್ತಾರೆ, ಅವಳನ್ನು ಕೇಳದೆ. ಜಾಲತಾಣದಲ್ಲಿ ದಾಖಲಾಗುವ ಪ್ರತಿ ಭೇಟಿಯ ಇಮೇಲ್ ಮಾತ್ರ ಕ್ಯಾಶಿನ ಯಜಮಾನರಾದ ಅಜ್ಜನಿಗೆ ಹೋಗುವುದರಿಂದ, ಒರೆಗಾನ್‌ನ ಹಿಲ್ಸ್‌ಬರೊದ ಯಾವ ಪೊದೆಯಲ್ಲಿ ಏನಾಗಿದೆ ಎಂಬುದು ಅಲ್ಲೇ ಇರುವ ಮಗನಿಗಿಂತ ಮೊದಲು ಮೈಸೂರಿಗೆ ತಿಳಿಯುತ್ತದೆ. ನವೆಂಬರಿನ ಮಳೆಯಲ್ಲಿ ಫೋನು ಬರುತ್ತದೆ: ‘ಡಬ್ಬಿಗೆ ನೀರು ಹೋಗಿದೆಯಂತಲ್ಲ ಕಣೋ, ಆಫೀಸಿನಿಂದ ಬರ್ತಾ ನೋಡ್ಕೊಂಡು ಬಾ. ಅಲ್ಲಿರೋ ಕಣ ಒದ್ದೆಯಾಗಿದ್ರೆ ಮನೆಗೆ ತಂದು ಇಸ್ತ್ರಿ ಮಾಡ್ಸು, ಯಾರಿಗಾದರೂ ಕೊಡೋಕೆ ಆಗತ್ತೆ.’