ಆಂಪಿಯರ್ ಅಣ್ಣ

ಹಾಸನ ಕಡೆಯ ಯಾವ ಲಾರಿ ಸ್ಟ್ಯಾಂಡಿಗೆ ಹೋದರೂ ಈತ ಸಿಗುತ್ತಾನೆ. ಎರಡು ಟಿಪ್ಪರ್, ಒಂದು ಟೂರಿಸ್ಟ್ ಬಸ್ಸಿನ ಓನರ್. ಟೀ ಅಂಗಡಿ ಬೆಂಚಿನಿಂದ ಏಳದೆಯೇ ಯಾರ ಗಾಡಿಗೆ ಏನು ರೋಗ ಅಂತ ಸದ್ದಿನಲ್ಲೇ ಹೇಳಬಲ್ಲ. “ಟಕಟಕಟಕ ಅಂದ್ರೆ ಬ್ಯಾಟರಿ ಡೌನ್ ಕಣ್ಲಾ. ಒಂದೇ ಸಲ ಟಕ್ ಅಂದು ಸುಮ್ಮನಾಯ್ತಾ? ಸೊಲೆನಾಯ್ಡ್ ನೋಡು.” ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತದೆ.

ಈ ಅಣ್ಣನಿಗೆ ಜಂಪ್ ಸ್ಟಾರ್ಟರ್, ಅಂದರೆ ಬ್ಯಾಟರಿ ಸತ್ತ ಗಾಡಿಯನ್ನು ಎಬ್ಬಿಸುವ ಡಬ್ಬಿಯ ಹುಚ್ಚು ಹಿಡಿದದ್ದು ಧರ್ಮಸ್ಥಳದ ಮದುವೆಯಿಂದ. ದಿಬ್ಬಣ ವಾಪಸ್ ಹೊರಡುವ ಹೊತ್ತಿಗೆ ಬಸ್ಸಿನ ಬ್ಯಾಟರಿ ಕೈಕೊಟ್ಟಿತ್ತು. ರಾತ್ರಿಯಿಡೀ ಹಾಡು ಹಾಕಿದವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಅನ್ನುವುದು ಇಂದಿಗೂ ತೀರ್ಮಾನವಾಗಿಲ್ಲ. ಬೀಗರು ಪಂಚೆ ಎತ್ತಿ ಕಟ್ಟಿ ತಳ್ಳಲು ಇಳಿದರು. ಏರ್ ಬ್ರೇಕಿನ ಬಸ್ಸು. ಗಾಳಿ ಇಳಿದುಹೋಗಿದ್ದರಿಂದ ಬ್ರೇಕ್ ಬಿಡುತ್ತಿಲ್ಲ. ಗಾಳಿ ತುಂಬಬೇಕಾದರೆ ಎಂಜಿನ್ ಓಡಬೇಕು. ಎಂಜಿನ್ ಓಡಬೇಕಾದರೆ ಬಸ್ಸು ತಳ್ಳಬೇಕು. ಬೀಗರು ಪಂಚೆ ಇಳಿಸಿಕೊಂಡರು.

ಅಂದಿನಿಂದ ಆಯ್ಕೆ ನಡೆಯುತ್ತಿದೆ. ಫೋನಿನ ತುಂಬ ಸ್ಕ್ರೀನ್‌ಶಾಟ್. ಮಗಳ ನಾಮಕರಣದ ಫೋಟೋ ತೋರಿಸಲು ಹೋದರೂ ಮೊದಲು ಕಾಣುವುದು ಕೆಂಪು-ಕಪ್ಪು ಕ್ಲಾಂಪ್. ಯಾರಾದರೂ ಅಪ್ಪಿತಪ್ಪಿ “ಯಾವ್ದು ತಗೋಬೋದಣ್ಣ?” ಅಂದರೆ ಅವರ ಟೀ ಆರಿತು ಅಂತಲೇ ಲೆಕ್ಕ.

“ಡಬ್ಬಿ ಮೇಲೆ 4000 ಆಂಪ್ಸ್ ಅಂತ ಬರ್ದಿರ್ತಾರಲ್ಲ, ಅದು ಪೀಕ್. ಕಣ್ಣು ಮಿಟುಕಿಸೋದ್ರೊಳಗೆ ಬಂದು ಹೋಗ್ತದೆ. ಸೆಲ್ಫ್ ತಿರುಗೋವರೆಗೂ ಎಷ್ಟು ಕೊಡ್ತೀಯಪ್ಪಾ ಅಂತ ಕೇಳು, ಯಾವನೂ ಬಾಯಿ ಬಿಡಲ್ಲ.” ಆಮೇಲೆ ಬಜ್ಜಿ ಕಟ್ಟಿಕೊಟ್ಟ ಪೇಪರಿನ ಅಂಚಿನಲ್ಲಿ ಲೆಕ್ಕ. 20000 ಎಂಎಎಚ್ ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ; ಗುಣಿಸಿದರೆ 74 ವಾಟ್-ಅವರ್. ಟಿಪ್ಪರಿನಲ್ಲಿ ಎರಡು ಬ್ಯಾಟರಿ ಸೀರೀಸಿನಲ್ಲಿ ಕೂತು 24 ವೋಲ್ಟ್ ಆಗಿರುತ್ತದೆ. ಆ ಲೆಕ್ಕಕ್ಕೆ ಇಳಿಸಿದರೆ ಉಳಿಯುವುದು 3000 ಚಿಲ್ಲರೆ ಎಂಎಎಚ್. “ಎಲ್ಲೋಯ್ತು ಮಿಕ್ಕಿದ್ದು?” ಎಂದು ಬಜ್ಜಿ ತಿನ್ನುತ್ತಿದ್ದವನನ್ನೇ ಗದರುತ್ತಾನೆ. ಅದರಲ್ಲೂ ಕಾರಿಗೆಂದು ಮಾರುವ ಬರೀ 12 ವೋಲ್ಟಿನದನ್ನು ಟಿಪ್ಪರಿಗೆ ಹಚ್ಚುತ್ತೇನೆ ಅಂದವನ ಕಡೆ ಅವನು ನೋಡುವ ನೋಟ ಆರ್‌ಟಿಓ ಸಾಹೇಬರದ್ದಕ್ಕಿಂತ ಕೆಟ್ಟದ್ದು.

ಅವನು ಹೇಳುವುದೆಲ್ಲ ನಿಜ. ತೊಂದರೆ ಇರುವುದೇ ಅಲ್ಲಿ. ಪೆಟ್ರೋಲ್ ಕಾರಿಗೆ ಕಿಡಿ ಹಚ್ಚಲು ಪ್ಲಗ್ ಇದೆ. ಡೀಸೆಲ್ಲಿಗೆ ಅದಿಲ್ಲ. ಗಾಳಿಯನ್ನು ಹದಿನಾರು-ಹದಿನೆಂಟು ಪಟ್ಟು ಅದುಮಿ, ಆ ಕಾವಿಗೇ ಎಣ್ಣೆ ಹತ್ತಿಕೊಳ್ಳಬೇಕು. ಸೆಲ್ಫ್ ಸೋಮಾರಿತನದಿಂದ ತಿರುಗಿದರೆ ಕಾವು ಸಾಲದು. ಹಾಗಾಗಿ ದೊಡ್ಡ ಗಾಡಿಗೆ ದಪ್ಪ ಕೇಬಲ್ ಬೇಕು, ದಿಟವಾದ ಆಂಪಿಯರ್ ಬೇಕು. ಕಾರಿನವನ ಎದುರು ಬೀಗುವ ಪುಟ್ಟ ಡಬ್ಬಿ ಇಲ್ಲಿ ಬೆವರುತ್ತದೆ.

ಕೆಪಾಸಿಟರ್ ಮಾದರಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ. ಅದರೊಳಗೆ ಬ್ಯಾಟರಿ ಇಲ್ಲ, ಸುಸ್ತಾದ ಬ್ಯಾಟರಿಯಲ್ಲಿ ಉಳಿದದ್ದನ್ನೇ ಹೀರಿ ಒಮ್ಮೆಗೇ ಕಕ್ಕುತ್ತದೆ. “ಸಾಯ್ತಾ ಇರೋನ ರಕ್ತ ತಗೊಂಡು ಅವನಿಗೇ ಏರಿಸ್ದಂಗೆ!” ಲಿಥಿಯಂ ಮಾದರಿಗೆ ರಾಯಚೂರಿನ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬೇಯುವುದು ಆಗದು ಅಂತ ಒಂದು ವಾರ ಕೊರಗಿದ. ಮರುವಾರ ಚಳಿಯ ಚಿಂತೆ. ಬ್ಯಾಟರಿ ಮೇಲಿನ ಸಿಸಿಎ, ಅಂದರೆ ಚಳಿಯಲ್ಲಿ ಸ್ಟಾರ್ಟ್ ಮಾಡುವ ತಾಕತ್ತಿನ ಅಂಕಿಯನ್ನು ಮೈನಸ್ 18 ಡಿಗ್ರಿಯಲ್ಲಿ ಅಳೆಯುತ್ತಾರಂತೆ. ಟೀ ಅಂಗಡಿಯಾತ ಹೇಳಿದ: “ಅಣ್ಣ, ಹಾಸನದಾಗೆ ಅಷ್ಟು ಚಳಿ ಬಂದ್ರೆ ಗಾಡಿಗಿಂತ ಮುಂಚೆ ಡ್ರೈವರ್ ನಿಂತೋಗಿರ್ತಾನೆ.”

ಈ ನಡುವೆ ಇವನ ಉಪದೇಶ ಕೇಳಿದವರೆಲ್ಲ ಕೊಂಡು ಬಳಸಿ ನಿಶ್ಚಿಂತರಾದರು. ಇವನ ಬಸ್ಸಿಗೆ ಮಾತ್ರ ಪಕ್ಕದ ಲಾರಿಯಿಂದ ಕೇಬಲ್ ಎಳೆಯುವುದು ನಡೆದೇ ಇತ್ತು.

ಕಡೆಗೂ ಕೊಂಡ, ಆಯುಧಪೂಜೆಯ ಹಿಂದಿನ ದಿನ. 12ಕ್ಕೂ 24ಕ್ಕೂ ಆಗುವಂಥದ್ದು, ಕ್ಲಾಂಪ್ ಉಲ್ಟಾ ಹಾಕಿದರೆ ಕಿರುಚಿಕೊಳ್ಳುವಂಥದ್ದು. ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿ ಟಿಪ್ಪರಿನ ಸೀಟಿನ ಕೆಳಗೆ ಸೇರಿಸಿದ. ಅವತ್ತಿನಿಂದ ಅವನ ಮೂರೂ ಗಾಡಿ ಒಂದೇ ಏಟಿಗೆ ಸ್ಟಾರ್ಟ್! ಡ್ರೈವರ್ ರಾತ್ರಿ ಹೆಡ್‌ಲೈಟ್ ಆರಿಸಿದರೆ “ಅದ್ಯಾಕ್ಲಾ ಅಷ್ಟು ಅವಸರ?” ಅನ್ನತೊಡಗಿದ. ಬೆಳಿಗ್ಗೆ ಸ್ಟ್ಯಾಂಡಿನ ಉದ್ದಕ್ಕೂ “ಸೆಲ್ಫ್ ತಗೊಳ್ತಾ?” ಅಂತ ವಿಚಾರಿಸುತ್ತಾ ಹೋಗುವನು. ತಗೊಂಡಿತು ಅಂದರೆ ಮುಖ ಬಾಡುವುದು.

ಒಂದು ಸೋಮವಾರ ಮೆಕ್ಕೆಜೋಳ ತುಂಬಿದ ಲಾರಿಯೊಂದು ಟಕಟಕ ಅಂದಿತು. ಅಣ್ಣ ಅರ್ಧ ಟೀ ಬಿಟ್ಟು ಓಡಿದ. ಡಬ್ಬಿ ಬಿಚ್ಚಿದ. ಕೆಂಪು ಪ್ಲಸ್ಸಿಗೆ, ಕಪ್ಪು ಬ್ಯಾಟರಿಯಿಂದ ದೂರ ಚಾಸಿಗೆ. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತದೆ, ಕಿಡಿ ಹಾರಬಾರದು ಅಂತ ಸುತ್ತ ನೆರೆದವರಿಗೆ ಪಾಠ. ಕ್ಲಾಂಪ್ ಹಿಡಿದು ಬಗ್ಗಿದವನ ಕಣ್ಣಿಗೆ ಟರ್ಮಿನಲ್ಲಿನ ಮೇಲೆ ಕಟ್ಟಿದ್ದ ಹಸಿರು-ಬಿಳಿ ಪುಡಿ ಬಿತ್ತು. ಮನಸ್ಸು ತಡೆಯಲಿಲ್ಲ. ಟೀ ಅಂಗಡಿಯಿಂದ ಬಿಸಿನೀರು ತರಿಸಿ ಸುರಿದ, ಬ್ರಷ್ಷಿನಲ್ಲಿ ತಿಕ್ಕಿದ, ಸಡಿಲವಾಗಿದ್ದ ನಟ್ಟನ್ನು ಸ್ಪ್ಯಾನರಿನಲ್ಲಿ ಬಿಗಿದ. ಆ ಪಾಪದ ಡ್ರೈವರ್ ಕ್ಯಾಬಿನ್ನಿನಲ್ಲಿ ಕೂತು ಕೂತು ಬೇಸರವಾಗಿ ಕೀ ತಿರುಗಿಸಿಬಿಟ್ಟ.

ಲಾರಿ ಗುರ್ರೆಂದಿತು.

“ನಿಮ್ಮಿಂದ ಭಾಳ ಉಪಕಾರ ಆಯ್ತಣ್ಣ” ಎಂದು ಆತ ಕೈ ಮುಗಿದ. ಅಣ್ಣ ಎರಡು ಕೈಯಲ್ಲಿ ಎರಡು ಕ್ಲಾಂಪ್ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಕ್ಯಾಬಿನ್ ಹತ್ತಿರ ಹೋಗಿ ಮೆಲ್ಲಗೆ, “ಒಂದ್ಸಲ ಆಫ್ ಮಾಡಪ್ಪಾ, ಆ ನಟ್ ಸ್ವಲ್ಪ ಸಡಿಲ ಮಾಡ್ಕೊಡ್ತೀನಿ” ಅಂದ.