ತಿಥಿ ಮಾಡುವ ವಿಧಾನ

ಈ ಕೈಪಿಡಿ ಯಾರಿಗೆ

ಸ್ಟಾರ್‌ಗಳ ಕಾಲ್‌ಶೀಟ್ ಸಿಗದ, ಫೈಟ್ ಮಾಸ್ಟರಿಗೆ ಅಡ್ವಾನ್ಸ್ ಕೊಡಲಾಗದ, ಆದರೂ ಒಂದು ಮನೆತನದ ಕಥೆಯನ್ನು ಸಿನಿಮಾ ಮಾಡಿಯೇ ತೀರುತ್ತೇನೆಂದು ಹಟ ಹಿಡಿದವರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ಮನೆಯವರು ಬುದ್ಧಿ ಹೇಳಿ ಸೋತಿದ್ದರೆ ಮಾತ್ರ ಮುಂದೆ ಓದಿ.

ಮಾದರಿಯಾಗಿ ‘ತಿಥಿ’ಯನ್ನು ಇಟ್ಟುಕೊಂಡಿದ್ದೇವೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಧೂಳಿನಲ್ಲಿ ತಯಾರಾದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು, ಅಲ್ಲೇ ಎರಡು ಪ್ರಶಸ್ತಿ ಹೊಡೆದುಕೊಂಡಿತು, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮುಖ್ಯ ಪಾತ್ರಗಳಲ್ಲಿದ್ದವರೆಲ್ಲ ಆ ಸೀಮೆಯ ಜನ, ನಟನೆ ಅವರ ಕಸುಬಲ್ಲ. ನೋಡಿದವರಿಗೆ ‘ಇಷ್ಟೇನಾ, ನಾವೂ ಮಾಡಬಹುದಲ್ಲ’ ಅನ್ನಿಸುತ್ತದೆ. ಖಂಡಿತ ಮಾಡಬಹುದು. ವಿಧಾನ ಕೆಳಗಿದೆ.

ಬೇಕಾಗುವ ಸಾಮಗ್ರಿ

ಹಳ್ಳಿ, 1.
ಅಜ್ಜ, 1, ನೂರು ದಾಟಿದವರಾದರೆ ಉತ್ತಮ.
ಗಡ್ಡ, ಉದ್ದನೆಯದು, 1.
ಪಿತ್ರಾರ್ಜಿತ ಜಮೀನು, 5 ಎಕರೆ.
ಟೈಗರ್ ಬ್ರಾಂದಿ, ಬೇಕಾದಷ್ಟು.
ಕುರಿ, ಊಟಕ್ಕೆ ಬರುವವರ ತಲೆ ಎಣಿಸಿಕೊಂಡು.
ಊರಿನ ಒಳಹೊರಗು ಬಲ್ಲ ಮನುಷ್ಯ, 1.
ಕ್ಯಾಮೆರಾ, 1.

ಸೂಚನೆ: ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಅದರ ಮೇಲಿನ ಸಾಲಿನಲ್ಲಿರುವುದು ಸಿಗುವುದಿಲ್ಲ.

ಹೆಜ್ಜೆ 1: ಒಬ್ಬರನ್ನು ಸಾಯಿಸಿ

ಕನ್ನಡದಲ್ಲಿ ಸಣ್ಣ ಬಂಡವಾಳದ ಸಿನಿಮಾ ದೂರ ಹೋಗಬೇಕಾದರೆ ಒಂದು ಅಪರಕರ್ಮ ನಡೆಯಬೇಕು. ಶಾಸ್ತ್ರದಲ್ಲಿ ಹೀಗೆಂದು ಬರೆದಿಲ್ಲ, ಇತಿಹಾಸದಲ್ಲಿ ಬರೆದಿದೆ. 1970ರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಬಿದ್ದಿರುತ್ತದೆ, ಅದನ್ನು ಸುಡುವವರು ಯಾರೆಂದು ಇಡೀ ಅಗ್ರಹಾರ ತಲೆ ಕೆಡಿಸಿಕೊಳ್ಳುತ್ತದೆ. 1977ರ ‘ಘಟಶ್ರಾದ್ಧ’ದಲ್ಲಿ ಬದುಕಿರುವ ಮಗಳಿಗೇ ಅಪ್ಪ ಶ್ರಾದ್ಧ ಮಾಡಿ ಮುಗಿಸುತ್ತಾನೆ. ಎರಡೂ ಆಯಾ ವರ್ಷ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದವು. ‘ತಿಥಿ’ಗೆ 63ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವ ಬಂತು.

ಒಂದು ವ್ಯತ್ಯಾಸ ಗಮನಿಸಿ. ಮೊದಲೆರಡರಲ್ಲಿ ಸಾವು ಎತ್ತಿದ್ದು ಧರ್ಮದ ಪ್ರಶ್ನೆ. ಅಗ್ರಹಾರದಿಂದ ಮಂಡ್ಯದ ಒಕ್ಕಲು ಮನೆಗೆ ಬರುವ ಹೊತ್ತಿಗೆ ಅದು ಖರ್ಚಿನ ಪ್ರಶ್ನೆಯಾಗಿದೆ. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಬೈಗುಳ ಹಂಚಿ, ಉಚ್ಚೆಗೆಂದು ಎದ್ದು ಹೋಗಿ, ಅಲ್ಲೇ ಬಿದ್ದು ಸಾಯುತ್ತಾನೆ. ಎದೆ ಬಡಿದುಕೊಂಡು ಅಳುವ ದೃಶ್ಯಕ್ಕೆ ಇಲ್ಲಿ ಜಾಗವಿಲ್ಲ, ನೂರೊಂದು ವರ್ಷ ಬಾಳಿದವನಿಗೆ ಯಾರು ಅಳುತ್ತಾರೆ? ಹನ್ನೊಂದನೇ ದಿನ ತಿಥಿ, ಊರಿಗೆಲ್ಲ ಬಾಡೂಟ. ಲೆಕ್ಕ ಶುರುವಾಯಿತು. ಚಿತ್ರಕಥೆಗೆ ಬೇಕಾದ ಗಡುವೂ ಸಿಕ್ಕಿತು, ಅದೂ ಪಂಚಾಂಗದಿಂದ ಪುಕ್ಕಟೆಯಾಗಿ.

ಹೆಜ್ಜೆ 2: ಊರಿನವರೊಬ್ಬರನ್ನು ಸಂಪಾದಿಸಿ

ನಿರ್ದೇಶಕ ರಾಮ್ ರೆಡ್ಡಿ ಸಿನಿಮಾ ಕಲಿತದ್ದು ಪ್ರಾಗ್ ನಗರದಲ್ಲಿ. ‘ತಿಥಿ’ ಮಾಡುವಾಗ ಅವರಿಗಿನ್ನೂ ಇಪ್ಪತ್ತರ ಹರೆಯ. ಪ್ರಾಗ್‌ನಲ್ಲಿ ಲೆನ್ಸು, ಬೆಳಕು, ಸಂಕಲನ ಎಲ್ಲವನ್ನೂ ಕಲಿಸಿಯಾರು. ತಿಥಿಗೆ ಯಾರನ್ನು ಮೊದಲು ಕರೆಯಬೇಕು, ಯಾರನ್ನು ಕರೆಯದೆ ಬಿಟ್ಟರೆ ಮೂರು ತಲೆಮಾರು ಮಾತು ನಿಲ್ಲುತ್ತದೆ, ದೊಡ್ಡಪ್ಪ ಬೈಯುವ ಬೈಗುಳವನ್ನು ಚಿಕ್ಕಪ್ಪ ಯಾಕೆ ಬೈಯುವುದಿಲ್ಲ, ಇದನ್ನೆಲ್ಲ ಅಲ್ಲಿ ಕಲಿಸುವುದಿಲ್ಲ. ಅದು ಗೊತ್ತಿದ್ದದ್ದು ಈರೇಗೌಡರಿಗೆ. ರೆಡ್ಡಿಯವರ ಜೊತೆ ಕೂತು ಚಿತ್ರಕಥೆ ಬರೆದವರು ಅವರು, ಪಾತ್ರಗಳಿಗೆ ಜನರನ್ನು ಆರಿಸಿದವರೂ ಅವರೇ. ನೊದೆಕೊಪ್ಪಲು ಅವರ ಊರು.

ಈ ಹೆಜ್ಜೆಯನ್ನು ಹಾರಿ ಮುಂದೆ ಹೋಗುವವರೇ ಹೆಚ್ಚು. ಅವರು ಬೆಂಗಳೂರಿನ ರೂಮಿನಲ್ಲಿ ಕೂತು ‘ಹೋಗ್ಲಾ, ಬಾರ್ಲಾ’ ಎಂದು ಬರೆದುಕೊಂಡು, ಅದೇ ಮಂಡ್ಯದ ಭಾಷೆಯೆಂದು ನಂಬಿ ಶೂಟಿಂಗಿಗೆ ಹೊರಡುತ್ತಾರೆ. ಊರಿನವರೊಬ್ಬರು ಜೊತೆಯಲ್ಲಿದ್ದರೆ, ‘ಅಯ್ಯೋ, ಅಪ್ಪನ್ ಮುಂದೆ ಹಂಗೆಲ್ಲ ಅನ್ನಕಿಲ್ಲ ಸ್ವಾಮಿ’ ಎಂದು ಕ್ಯಾಮೆರಾ ಓಡುವ ಮೊದಲೇ ತಡೆದಾರು. ಆ ಒಂದು ತಡೆಗೆ ಸಂಬಳದ ದರ ಇನ್ನೂ ನಿಗದಿಯಾಗಿಲ್ಲ.

ಹೆಜ್ಜೆ 3: ಮುಖ ಮೊದಲು, ಪಾತ್ರ ಆಮೇಲೆ

ರೂಢಿಯಲ್ಲಿ ಕಥೆ ಬರೆದು ಅದಕ್ಕೆ ಹೊಂದುವ ನಟನನ್ನು ಹುಡುಕುತ್ತಾರೆ. ‘ತಿಥಿ’ಯವರು ತಿರುಗಿಸಿ ಮಾಡಿದರು. ಮೊದಲು ಮನುಷ್ಯರನ್ನು ಕಂಡುಕೊಂಡರು, ಅವರ ನಡೆ, ಮಾತು, ಮೌನ ನೋಡಿಕೊಂಡು ಪಾತ್ರಗಳನ್ನು ಬೆಳೆಸಿದರು. ಸಿಂಗ್ರಿಗೌಡ ಸೆಂಚುರಿ ಗೌಡರಾದರು. ಚನ್ನೇಗೌಡ ಅವರ ಮಗ ಗಡ್ಡಪ್ಪನಾದರು. ತಮ್ಮೇಗೌಡ ಗಡ್ಡಪ್ಪನ ಮಗ ತಮ್ಮಣ್ಣನಾದರು. ತಮ್ಮಣ್ಣನ ಮಗ ಅಭಿಯಾಗಿ ಅಭಿಷೇಕ್, ಅಭಿ ಬೆನ್ನು ಹತ್ತುವ ಕುರಿಗಾಹಿ ಹುಡುಗಿ ಕಾವೇರಿಯಾಗಿ ಪೂಜಾ.

ಇಲ್ಲಿ ಕೈಪಿಡಿಯ ಎಚ್ಚರಿಕೆ: ನಟನೆ ಬಾರದವರನ್ನು ತಂದು ನಿಲ್ಲಿಸಿದರೆ ಸಹಜತೆ ತಾನಾಗಿ ಬರುತ್ತದೆಂಬುದು ಸುಳ್ಳು. ಕ್ಯಾಮೆರಾ ಕಂಡ ತಕ್ಷಣ ಹಳ್ಳಿಯವರೂ ರಾಜಕುಮಾರ್ ಆಗುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ಕನ್ನಡ ಶುದ್ಧವಾಗುತ್ತದೆ. ಅದು ಇಳಿಯುವವರೆಗೆ ಜೊತೆಗಿರಬೇಕು, ಟೀ ಕುಡಿಯಬೇಕು, ಅವರ ಹೊಲದ ಬೋರ್‌ವೆಲ್ಲಿನ ಸಂಕಟ ಕೇಳಬೇಕು. ಬಜೆಟ್ಟಿನಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ. ‘ಇತರೆ’ ಎಂದು ಬರೆದುಕೊಳ್ಳಿ. ಸಣ್ಣ ಸಿನಿಮಾದಲ್ಲಿ ಅತಿ ದೊಡ್ಡ ಖರ್ಚು ಈ ‘ಇತರೆ’ಯೇ.

ಹೆಜ್ಜೆ 4: ಕಾಗದಪತ್ರ ಸಿದ್ಧಪಡಿಸಿ

ಖಳನಾಯಕ ಬೇಕೆಂದು ಹಂಚಿಕೆದಾರರು ಕೇಳುತ್ತಾರೆ. ಪಹಣಿಯನ್ನು ತೋರಿಸಿ. ಕರ್ನಾಟಕದ ಹಳ್ಳಿಯಲ್ಲಿ ಅಣ್ಣತಮ್ಮಂದಿರನ್ನು, ಅಪ್ಪಮಕ್ಕಳನ್ನು ಅಗಲಿಸುವುದರಲ್ಲಿ ಅದಕ್ಕಿಂತ ಪಳಗಿದ ಖಳ ಇನ್ನೊಬ್ಬನಿಲ್ಲ.

ಅದು ಕೆಲಸ ಮಾಡುವ ರೀತಿ ಹೀಗಿದೆ. ಜಮೀನು ಸತ್ತ ಹಿರಿಯನ ಹೆಸರಿನಲ್ಲಿದ್ದರೆ ಮಾರುವಂತಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಬೇಕು. ತಮ್ಮಣ್ಣನಿಗೆ ಅಜ್ಜನ 5 ಎಕರೆ ಮಾರಬೇಕು. ನಡುವೆ ನಿಂತಿರುವುದು ಅಪ್ಪ ಗಡ್ಡಪ್ಪ. ನಿಂತಿರುವುದು ಎಂದದ್ದು ತಪ್ಪಾಯಿತು, ಆ ಮನುಷ್ಯ ಒಂದು ಕಡೆ ನಿಲ್ಲುವವನೇ ಅಲ್ಲ. ಬ್ರಾಂದಿ ಗುಟುಕರಿಸುತ್ತ ಹೊಲ, ಏರಿ, ಬಯಲು ಸುತ್ತುವವನಿಗೆ ಆಸ್ತಿಯೂ ಬೇಡ, ಸಹಿಯ ಉಸಾಬರಿಯೂ ಬೇಡ. ಆಸೆಯಿದ್ದ ಅಪ್ಪನಾಗಿದ್ದರೆ ಪಾಲು ಕೊಟ್ಟು ಸಮಾಧಾನ ಮಾಡಬಹುದಿತ್ತು. ಏನೂ ಬೇಡವೆನ್ನುವವನಿಗೆ ಏನು ಕೊಡುವುದು? ಕೊನೆಗೆ ಮಗ ಕಂಡುಕೊಂಡ ದಾರಿ, ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸುವುದು. ಸತ್ತವನು ಊರಲ್ಲಿ ತಿರುಗಾಡುವುದು ಸರಿಯಲ್ಲವೆಂದು ಅಪ್ಪನ ಕೈಗೆ ದುಡ್ಡಿಟ್ಟು ದೇಶ ನೋಡಿಕೊಂಡು ಬಾ ಎಂದು ಕಳಿಸುತ್ತಾನೆ. ಗಡ್ಡಪ್ಪ ಹೋಗಿ ಸೇರಿಕೊಳ್ಳುವುದು ಅಲೆಮಾರಿ ಕುರಿಗಾಹಿಗಳನ್ನು.

ತಮ್ಮಣ್ಣನನ್ನು ಕೆಟ್ಟವನನ್ನಾಗಿ ಬರೆಯಬೇಡಿ. ಊರಿಗೆ ಊಟ ಹಾಕಬೇಕು, ಸಾಲ ಎತ್ತಬೇಕು, ಅಪ್ಪನ ಮರ್ಯಾದೆ, ಅಜ್ಜನ ಮರ್ಯಾದೆ, ಎಲ್ಲ ಅವನ ತಲೆ ಮೇಲೆ. ಮನೆಯಲ್ಲಿ ಜವಾಬ್ದಾರಿ ಹೊತ್ತವನೊಬ್ಬನೇ ಸುಳ್ಳು ಹೇಳುತ್ತಾನೆ, ಉಳಿದವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಕೂಡದು.

ಹೆಜ್ಜೆ 5: ಕ್ಯಾಮೆರಾ ಇಡಿ, ಸುಮ್ಮನಿರಿ

ಭಾಷೆ ಬಾರದ ಛಾಯಾಗ್ರಾಹಕರು ಸಿಕ್ಕಿದರೆ ಬಿಡಬೇಡಿ. ‘ಸಂಸ್ಕಾರ’ವನ್ನು ಚಿತ್ರೀಕರಿಸಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ‘ತಿಥಿ’ಗೆ ಡೊರಾನ್ ಟೆಂಪರ್ಟ್. ಮಾತು ತಿಳಿಯದ ಕಣ್ಣು ಮೋರೆ ನೋಡುತ್ತದೆ, ಕೈ ಎಲ್ಲಿದೆ ನೋಡುತ್ತದೆ. ನಮಗೆ ನೋಡಿ ನೋಡಿ ಕಾಣದಂತಾಗಿರುವ ಜಗಲಿ, ಬೀದಿ, ಬಿಸಿಲು ಅದಕ್ಕೆ ಕಾಣುತ್ತದೆ.

ಶಬ್ದವನ್ನು ಶೂಟಿಂಗ್ ಜಾಗದಲ್ಲೇ ಹಿಡಿಯಿರಿ. ಗಡ್ಡಪ್ಪನನ್ನು ಡಬ್ಬಿಂಗ್ ಥಿಯೇಟರಿನ ಎಸಿ ಕೋಣೆಗೆ ಕರೆತಂದು ತುಟಿ ಹೊಂದಿಸಿ ಎಂದರೆ ಆಗುವ ಕೆಲಸವಲ್ಲ. ದುಃಖದ ಜಾಗದಲ್ಲಿ ಪಿಟೀಲು ಕುಯ್ಯಿಸಬೇಡಿ. ಕುರಿಗಾಹಿಗಳ ನಡುವೆ ಕೂತು ಗಡ್ಡಪ್ಪ ತನ್ನ ಹೆಂಡತಿಯ, ತನ್ನ ಅಪ್ಪನ ಕಥೆ ಹೇಳುತ್ತಾನೆ. ಇಷ್ಟು ಹೊತ್ತು ನಗಿಸಿದ ಮುದುಕ ಯಾಕೆ ಮನೆಗೆ ಅಂಟಿಕೊಳ್ಳಲಿಲ್ಲ, ಸತ್ತ ಅಪ್ಪನಿಗೆ ಯಾಕೆ ಅಳಲಿಲ್ಲ ಎಂಬುದು ಆಗ ತಿಳಿಯುತ್ತದೆ. ಹೇಳುವವನ ದನಿ ಏರುವುದಿಲ್ಲ. ಅಲ್ಲಿ ನಿರ್ದೇಶಕರ ಕೆಲಸ, ಕೈ ಕಟ್ಟಿಕೊಂಡು ಕೂತು ಕೇಳುವುದು.

ಹೆಜ್ಜೆ 6: ಊರಿಂದ ಊರಿಗೆ ಲೊಕಾರ್ನೊ ಮಾರ್ಗವಾಗಿ

ನೊದೆಕೊಪ್ಪಲಿನಿಂದ ಮಂಡ್ಯ ಪೇಟೆಗೆ ಬಸ್ಸಿದೆ, ಸಿನಿಮಾಕ್ಕೆ ಮಾತ್ರ ನೇರ ಮಾರ್ಗವಿಲ್ಲ. ಅದು ಸ್ವಿಟ್ಜರ್ಲೆಂಡ್ ಸುತ್ತಿಕೊಂಡು ಬರಬೇಕು. ಲೊಕಾರ್ನೊದಲ್ಲಿ ‘ತಿಥಿ’ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆಯನ್ನೂ ಅತ್ಯುತ್ತಮ ಮೊದಲ ಚಿತ್ರದ ಪ್ರಶಸ್ತಿಯನ್ನೂ ತಂದಿತು. ಚಿರತೆ ಬಂದ ಮೇಲೆಯೇ ಬಹಳಷ್ಟು ಜನರಿಗೆ ನೊದೆಕೊಪ್ಪಲು ನಕ್ಷೆಯಲ್ಲಿ ಕಂಡಿದ್ದು. ಮೊದಲು ಪ್ರಶಸ್ತಿ, ಆಮೇಲೆ ಥಿಯೇಟರ್, ಕೊನೆಗೆ ಪ್ರೇಕ್ಷಕ. ಈ ಕ್ರಮವನ್ನು ಬದಲಿಸಲು ಹೋಗಿ ಕೈ ಸುಟ್ಟುಕೊಂಡವರಿದ್ದಾರೆ.

ಬಿಡುಗಡೆಯ ವಾರ ಊರ ಹೊರಗಿನ ಮಾಲ್‌ನಲ್ಲಿ ಬೆಳಗಿನ ಒಂದು ಶೋ ಕೊಟ್ಟರೆ ಸ್ವೀಕರಿಸಿ. ‘ಒಳ್ಳೆ ಸಿನಿಮಾ ಅಂತೆ, ನೋಡ್ಬೇಕು’ ಅನ್ನುವವರನ್ನು ಪ್ರೇಕ್ಷಕರ ಲೆಕ್ಕಕ್ಕೆ ಸೇರಿಸಬೇಡಿ. ಅವರು ಹಿತೈಷಿಗಳು, ಹಿತೈಷಿಗಳು ಟಿಕೆಟ್ ಕೊಳ್ಳುವುದಿಲ್ಲ. ‘ತಿಥಿ’ಗೆ ಟಿಕೆಟ್ ಕೊಂಡವರೂ ಸಿಕ್ಕಿದರು. ಕಾರಣ ಸರಳ: ಉತ್ಸವದ ಚಿತ್ರವೆಂದು ಗಂಭೀರವಾಗಿ ಕೂತವರು ನಗಲು ಶುರುಮಾಡಿದರು. ನಗುವಿನ ಸುದ್ದಿ ಪೋಸ್ಟರಿಗಿಂತ ಬೇಗ ಊರು ಸುತ್ತುತ್ತದೆ.

ತೊಂದರೆ ಮತ್ತು ಪರಿಹಾರ

ತೊಂದರೆ: ನಾಯಕನಟರು ಶಾಟ್ ನಡುವೆ ಎದ್ದು ಹೊಲಕ್ಕೆ ನೀರು ಹಾಯಿಸಲು ಹೋದರು.
ಪರಿಹಾರ: ತ್ರೀ ಫೇಸ್ ಕರೆಂಟ್ ಬರುವ ಹೊತ್ತು ತಿಳಿದುಕೊಂಡು ಶೆಡ್ಯೂಲ್ ಹಾಕಿ. ಕರೆಂಟ್ ನಿಮಗಾಗಿ ಕಾಯುವುದಿಲ್ಲ, ಭತ್ತವೂ ಕಾಯುವುದಿಲ್ಲ.

ತೊಂದರೆ: ಬೆಂಗಳೂರಿನ ಕನ್ನಡಿಗರಿಗೆ ಮಂಡ್ಯದ ಮಾತು ಹಿಡಿಯಲಾಗುತ್ತಿಲ್ಲ.
ಪರಿಹಾರ: ವಿದೇಶಿಯರಿಗೆಂದು ಹಾಕಿದ ಇಂಗ್ಲಿಷ್ ಸಬ್‌ಟೈಟಲ್ ತೆಗೆಯಬೇಡಿ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ಅವರೂ ಓದಿಕೊಳ್ಳುತ್ತಾರೆ.

ತೊಂದರೆ: ‘ಇದರಲ್ಲಿ ಸಂದೇಶವೇನು?’ ಎಂದು ಕೇಳುತ್ತಾರೆ.
ಪರಿಹಾರ: ಪೌತಿ ಖಾತೆಯನ್ನು ಹಿರಿಯರು ಕಾಲವಾದೊಡನೆ ಮಾಡಿಸಿಕೊಳ್ಳುವುದು ಒಳ್ಳೆಯದು ಎನ್ನಿ.

ತೊಂದರೆ: ಚಿತ್ರ ಗೆದ್ದಿತು.
ಪರಿಹಾರ: ಇದಕ್ಕೆ ಪರಿಹಾರವಿಲ್ಲ. ‘ತಿಥಿ’ ಗೆದ್ದ ಕೂಡಲೇ ಗಾಂಧಿನಗರಕ್ಕೆ ಗಡ್ಡಪ್ಪ ಮತ್ತು ಸೆಂಚುರಿ ಗೌಡ ಬೇಕಾದರು. ಅದೇ 2016ರಲ್ಲಿ ‘ತರ್ಲೆ ವಿಲೇಜ್’ ಬಂತು, ಹಿಂದೆಯೇ ಇನ್ನಷ್ಟು ಬಂದವು. ಹೊಲದಲ್ಲಿದ್ದವರಿಗೆ ಬೇಡಿಕೆ ಬಂದರೆ ಹೊಟ್ಟೆಯುರಿ ಬೇಡ. ಇಳಿವಯಸ್ಸಿನಲ್ಲಿ ಸಿಕ್ಕ ಹೆಸರನ್ನು ಅವರು ಅನುಭವಿಸಿದರು. ಆದರೆ ಗಾಂಧಿನಗರ ತೆಗೆದುಕೊಂಡು ಹೋದದ್ದು ಗಡ್ಡವನ್ನು, ಬೈಗುಳವನ್ನು. ಮೂರನೇ ಹೆಜ್ಜೆಯ ‘ಇತರೆ’ ಕಾಲಂ ಅಲ್ಲೇ ಉಳಿಯಿತು. ಅದನ್ನು ಹೊರಲು ಯಾರೂ ಲಾರಿ ತಂದಿರಲಿಲ್ಲ.

ವಾರಂಟಿ

ಈ ಕೈಪಿಡಿಯ ವಾರಂಟಿ ಒಂದು ಸಿನಿಮಾಕ್ಕೆ ಮಾತ್ರ. ಎರಡನೆಯದಕ್ಕೆ ಇದೇ ಹಳ್ಳಿ, ಇದೇ ಗಡ್ಡ, ಇನ್ನೊಂದು ಸಾವು ಬಳಸಿದರೆ ಜವಾಬ್ದಾರಿ ನಮ್ಮದಲ್ಲ. ‘ತಿಥಿ’ ಮಾಡಿದವರೂ ಹಾಗೆ ಮಾಡಲಿಲ್ಲ. ಈರೇಗೌಡರು ಬಳೆ ಮಾರುವವನೊಬ್ಬನ ದಾಂಪತ್ಯವನ್ನು ಹಿಡಿದು ‘ಬಳೆಕೆಂಪ’ ನಿರ್ದೇಶಿಸಿದರು. 2018ರಲ್ಲಿ ಅದು ರೋಟರ್‌ಡ್ಯಾಮ್ ಉತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆಯಿತು. ‘ತಿಥಿ’ಯ ಗದ್ದಲದಲ್ಲಿ ಒಂದು ಪಾಲೂ ಅದರಲ್ಲಿಲ್ಲ. ರಾಮ್ ರೆಡ್ಡಿ ಹಿಮಾಲಯದ ತಪ್ಪಲಿನ ಹಣ್ಣಿನ ತೋಟಕ್ಕೆ ಹೋಗಿ, ಮನೋಜ್ ಬಾಜಪೇಯಿ ಅವರನ್ನು ಇಟ್ಟುಕೊಂಡು ಮಾಡಿದ ಹಿಂದಿ ಚಿತ್ರ 2024ರಲ್ಲಿ ಬರ್ಲಿನ್ ಉತ್ಸವ ಸೇರಿತು. ಇಬ್ಬರಿಗೂ ‘ತಿಥಿ 2’ ಮಾಡುವ ಅವಕಾಶ ಎದುರಿಗೇ ಬಿದ್ದಿತ್ತು, ಇಬ್ಬರೂ ದಾಟಿಕೊಂಡು ಹೋದರು.

ನೀವೂ ದಾಟಿಕೊಂಡು ಬೇರೆ ಊರಿಗೆ ಹೋಗಿ. ಅಲ್ಲಿಯ ಈರೇಗೌಡರು ಯಾರೆಂದು ವಿಚಾರಿಸಿ. ಗೊತ್ತಾಗುವವರೆಗೆ ಕ್ಯಾಮೆರಾ ತರಬೇಡಿ. ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ.